ಎದುರಿಗೆ ಕಟ್ಟಿದ ಟಗರು

ರಾಯಪ್ಪ ಮಾಸ್ತರರ ಬಾಯಿಂದ ಹೊಗಳಿಕೆ ಕೇಳಿದವರು ಬೆಳಗಾವಿಯಲ್ಲಿ ಒಬ್ಬರೂ ಇರಲಿಲ್ಲ. ಹೆಂಡತಿ ಸಾವಂತ್ರವ್ವ ಮದುವೆಯಾಗಿ ಬಂದ ಹೊಸದರಲ್ಲಿ ಶೇಂಗಾ ಹೋಳಿಗೆ ಮಾಡಿ ಬಡಿಸಿ, ಹೇಗಾಗಿದೆ ಎಂದು ಕೇಳಿದಾಗ, "ಬಾಜು ಮನಿಯಾಕಿ ಇದಕಿಂತ ತೆಳ್ಳಗ ಲಟ್ಟಸ್ತಾಳ" ಎಂದಿದ್ದರಂತೆ. ಆ ಪಕ್ಕದ ಮನೆಯಾಕೆಗೆ ಹೋಳಿಗೆ ಮಾಡಲು ಬರುತ್ತಲೇ ಇರಲಿಲ್ಲ ಎಂಬುದು ಸಾವಂತ್ರವ್ವನಿಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಅಷ್ಟು ಹೊತ್ತಿಗೆ ಅವಳ ಹೋಳಿಗೆ ಓಣಿಗೆಲ್ಲ ಹೆಸರಾಗಿತ್ತು. ಮಾಸ್ತರರು ಇದನ್ನು ತಮ್ಮ ಪದ್ಧತಿಯ ಗೆಲುವೆಂದು ಹೇಳಿಕೊಂಡು ನಗುತ್ತಿದ್ದರು. ಸಾವಂತ್ರವ್ವ ನಗುತ್ತಿರಲಿಲ್ಲ. ಅಂದಿನಿಂದ ಗಂಡ ಏನೇ ಹೇಳಿದರೂ ಅವಳು ಅದನ್ನು ಅರ್ಧಕ್ಕೇ ನಂಬುತ್ತಿದ್ದಳು.

ಮಾಸ್ತರರು ಊರಿನ ಕಾಲೇಜೊಂದರಲ್ಲಿ ದೈಹಿಕ ಶಿಕ್ಷಕರು. ಹುಟ್ಟಿದ್ದು ಸಾಂಬ್ರಾದ ಆಚೆಗಿನ ಹಳ್ಳಿಯಲ್ಲಿ, ಕುರಿ ಸಾಕುವ ಮನೆತನದಲ್ಲಿ. ಕೊರಳಿಗೆ ಸೀಟಿ ಬಂದ ಮಾತ್ರಕ್ಕೆ ಹೆಗಲ ಮೇಲಿನ ಕಂಬಳಿ ಇಳಿದೀತೇ? ಅವರ ಓದು ಏನೇ ಇರಲಿ, ವಿದ್ಯೆಯೆಲ್ಲ ಅಪ್ಪ ಭರಮಪ್ಪನ ಕುರಿಹಟ್ಟಿಯದು. ಭರಮಪ್ಪ ಕಾಳಗದ ಟಗರು ಬೆಳೆಸುವುದರಲ್ಲಿ ಸುತ್ತಲಿನ ಹಳ್ಳಿಗಳಿಗೆಲ್ಲ ಹೆಸರಾದವನು. ಎರಡು ಟಗರುಗಳನ್ನು ಎದುರುಬದುರಾಗಿ ಎರಡು ಗೂಟಕ್ಕೆ ಕಟ್ಟುವುದು ಅವನ ಕ್ರಮ. ಒಂದಕ್ಕೊಂದು ಮುಖ ಕಾಣಬೇಕು, ಕೊಂಬು ಮಾತ್ರ ತಾಗಬಾರದು. ಇದಕ್ಕೆ ಕಾಣುವಂತೆ ಅದರ ಮೈ ತಿಕ್ಕಬೇಕು, ಅದಕ್ಕೆ ಕಾಣುವಂತೆ ಇದಕ್ಕೆ ನೆನೆಸಿದ ಹುರುಳಿ ತಿನ್ನಿಸಬೇಕು. ಒಂದು ಮಳೆಗಾಲ ಹೀಗೆ ಕಟ್ಟಿದರೆ ಸಾಕು, ಎರಡೂ ಹೊಟ್ಟೆಕಿಚ್ಚಿನಿಂದಲೇ ಬಲಿಯುತ್ತವೆ ಎನ್ನುತ್ತಿದ್ದ ಭರಮಪ್ಪ.

ಒಂದು ವರ್ಷ ಕಾಳ್ಯಾ ಎಂಬ ಟಗರು, ನಾಳೆ ಕಾಳಗ ಎನ್ನುವಾಗ, ಎದುರಿನದನ್ನು ಮುಟ್ಟಲಾಗದೆ ತನ್ನ ಗೂಟಕ್ಕೇ ಹಾಯ್ದು ಹಾಯ್ದು ಕುತ್ತಿಗೆ ಮುರಿದುಕೊಂಡು ಬಿತ್ತು. ಹುಡುಗ ರಾಯಪ್ಪ ಅತ್ತ. ಭರಮಪ್ಪ ಅದರ ಕೊಂಬು ಸವರಿ, "ಸಿಟ್ಟು ಭಾಳ ಇತ್ತು ಇದಕ" ಎಂದು ಹೇಳಿ, ಮರುವರ್ಷ ಅದೇ ಗೂಟಗಳಿಗೆ ಬೇರೆ ಎರಡು ಟಗರು ಕಟ್ಟಿದ. ಮಗ ದೊಡ್ಡವನಾದ ಮೇಲೆ ಗೂಟಕ್ಕೆ ಕಟ್ಟುವ ವಿದ್ಯೆಯನ್ನು ನೆನಪಿಟ್ಟುಕೊಂಡ. ಕಾಳ್ಯಾನನ್ನು ಮರೆತ.

ರಾಯಪ್ಪ ಮಾಸ್ತರರ ಆಟ ವಾಲಿಬಾಲ್. ತಾರುಣ್ಯದಲ್ಲಿ ಅವರೂ ಒಳ್ಳೆಯ ಲಿಫ್ಟರ್ ಆಗಿದ್ದವರು. ಲಿಫ್ಟರ್ ಎಂದರೆ ಹೊಡೆಯುವವನಿಗೆ ಚೆಂಡು ಎತ್ತಿಕೊಡುವವನು. ಹೊಡೆಯುವವನ ಹೆಸರು ಜಿಲ್ಲೆಗೆಲ್ಲ ಗೊತ್ತಾಗುತ್ತದೆ, ಎತ್ತಿಕೊಡುವವನ ಹೆಸರು ಅವನ ತಾಯಿಗೆ ಗೊತ್ತಿದ್ದರೆ ಪುಣ್ಯ. ಆದರೆ ತಂಡದ ಪ್ರತಿಯೊಂದು ಚೆಂಡೂ ಅವನ ಕೈಯ ಮೇಲೆಯೇ ಹೋಗಬೇಕು. ಯಾರಿಗೆ ಕೊಡಬೇಕು, ಎಷ್ಟು ಎತ್ತರ, ಎಷ್ಟು ಬೇಗ ಎಂದು ಆ ಒಂದು ಗಳಿಗೆಯಲ್ಲಿ ನಿರ್ಧರಿಸುವವನು ಅವನು. ಮಾಸ್ತರರ ತಂಡದಲ್ಲಿ ಆ ಜಾಗ ಒಂದೇ. ಇಬ್ಬರು ಲಿಫ್ಟರುಗಳಿದ್ದರೆ ಒಬ್ಬ ಆಡುತ್ತಾನೆ, ಇನ್ನೊಬ್ಬ ನೀರಿನ ಬಾಟಲಿ ಹಿಡಿದು ಕೂರುತ್ತಾನೆ.

ಎರಡು ಸಾವಿರದ ಇಸವಿಯಲ್ಲಿ ಮಾಸ್ತರರ ಕೈಯಲ್ಲಿ ಇಬ್ಬರಿದ್ದರು.

ಒಬ್ಬ ಚೇತನ, ರವಿವಾರ ಪೇಟೆಯ ಕಾಳಿನ ವ್ಯಾಪಾರಿ ಗುರುಪುತ್ರಪ್ಪನವರ ಮಗ. ಹಣೆಯ ಮೇಲಿನ ವಿಭೂತಿ ಆಟ ಮುಗಿಯುವವರೆಗೂ ಅಳಿಸದಂಥ ಅಚ್ಚುಕಟ್ಟಿನ ಹುಡುಗ. ಅವನು ಎತ್ತಿದ ಚೆಂಡು ಇವತ್ತೂ ಅಲ್ಲಿಗೇ, ನಾಳೆಯೂ ಅಲ್ಲಿಗೇ. ತಂಡದ ದೊಡ್ಡ ಹೊಡೆತಗಾರ ಉಳವಪ್ಪ, "ಚೇತನ ಎತ್ತಿದ್ರ ನಾ ಕಣ್ಣ ಮುಚ್ಚಿ ಹೊಡೀತೀನಿ" ಎನ್ನುತ್ತಿದ್ದ. ತೊಂದರೆಯೆಂದರೆ, ಎದುರಾಳಿಯೂ ಕಣ್ಣು ಮುಚ್ಚಿ ತಡೆಯಬಹುದಾಗಿತ್ತು.

ಇನ್ನೊಬ್ಬ ಸುಜಯ, ಮಳೆಕಾಡಿನ ಜಾಂಬೋಟಿ ಕಡೆಯವನು. ಖಾನಾಪುರದಲ್ಲಿ ಪಿಯುಸಿ ಓದುತ್ತಿದ್ದಾಗ ಅಲ್ಲಿಯ ಮೈದಾನದಲ್ಲಿ ಮಾಸ್ತರರ ಕಣ್ಣಿಗೆ ಬಿದ್ದವನು. ಅಂದು ಸುತ್ತ ನಿಂತ ಜನ ಕನ್ನಡದಲ್ಲಿ ಬೈದು ಮರಾಠಿಯಲ್ಲಿ ಹೊಗಳುತ್ತಿದ್ದರು. ಈ ತೆಳ್ಳಗಿನ ಹುಡುಗ ಎರಡಕ್ಕೂ ಕಿವಿಗೊಡದೆ, ಎಲ್ಲರೂ ಬಲಕ್ಕೆ ನೋಡುತ್ತಿದ್ದಾಗ ಚೆಂಡನ್ನು ತಲೆಯ ಹಿಂದಿನಿಂದ ಎಡಕ್ಕೆ ದಾಟಿಸಿದ. ಮಾಸ್ತರರು ಅವನನ್ನು ಬೆಳಗಾವಿಗೆ ಕರೆತಂದರು. ಉಳಿಯಲು ಸೋದರಮಾವ ಸಿದ್ದಪ್ಪನ ಮನೆಯಿತ್ತು. ಸಿದ್ದಪ್ಪ ಆಟೋ ನಗರದ ವರ್ಕ್‌ಶಾಪೊಂದರಲ್ಲಿ ಕೆಲಸದವನು, ಅಳಿಯನನ್ನೂ ಅಲ್ಲಿಯೇ ಪ್ರೆಸ್ ಮಷೀನಿಗೆ ಸೇರಿಸಿದ. ಬೆಳಿಗ್ಗೆ ಆಟ, ಆಮೇಲೆ ಕ್ಲಾಸು, ಮಧ್ಯಾಹ್ನದಿಂದ ಮಷೀನು. ತಗಡಿನ ತುಂಡು ಇಡುವುದು, ಪೆಡಲ್ ತುಳಿಯುವುದು, ಮೇಲಿನಿಂದ ಕಬ್ಬಿಣದ ದಿಮ್ಮಿ ಬಿದ್ದು ಎದ್ದ ಮೇಲೆ ಅಚ್ಚಾದ ತುಂಡನ್ನು ಇಕ್ಕಳದಿಂದ ತೆಗೆಯುವುದು. ಯಾರಾದರೂ ಮಾಡಬಹುದಾದ ಕೆಲಸ. ಆದರೆ ಆ ಮಷೀನಿನ ಮೇಲೆ ಕೆಲಸ ಮಾಡಿ ಹಳಬರಾದವರಲ್ಲಿ ಹತ್ತೂ ಬೆರಳು ಉಳಿಸಿಕೊಂಡವರು ಕಡಿಮೆ.

ಆ ವರ್ಷವೇ ಆಟದ ನಿಯಮ ಬದಲಾಗಿತ್ತು. ಮೊದಲು ಸರ್ವಿಸ್ ಇದ್ದವರಿಗೆ ಮಾತ್ರ ಪಾಯಿಂಟು, ಸರ್ವಿಸ್ ನಮ್ಮದಿದ್ದಾಗ ತಪ್ಪಿದರೆ ಸರ್ವಿಸ್ ಅಷ್ಟೇ ಹೋಗುತ್ತಿತ್ತು. ಈಗ ಯಾರು ಯಾವಾಗ ತಪ್ಪಿದರೂ ಎದುರಿನವರಿಗೆ ಪಾಯಿಂಟು. ಹೊಸ ನಿಯಮಕ್ಕೆ ಚೇತನನೇ ಸರಿ ಎಂದು ಒಂದು ದಿನ ಅನ್ನಿಸುತ್ತಿತ್ತು. ಮರುದಿನ ಸುಜಯನ ಕೈಯಿಂದ ಇನ್ನಾರಿಗೂ ಹೊಳೆಯದ ಒಂದು ಲಿಫ್ಟ್ ಬಂದುಬಿಡುತ್ತಿತ್ತು. ಮಾಸ್ತರರು ಊಟಕ್ಕೆ ಕುಳಿತಾಗ ಎಡಗೈಯಲ್ಲಿ ಚೇತನ, ಬಲಗೈಯಲ್ಲಿ ಸುಜಯ ಎಂದು ತೂಗುತ್ತಿದ್ದರು. ಸಾರು ಆರಿ ತಣ್ಣಗಾಗುತ್ತಿತ್ತು.

ಅಪ್ಪನ ವಿದ್ಯೆಯನ್ನಂತೂ ಬಿಡಲಿಲ್ಲ. ಚೇತನನನ್ನು ಒಬ್ಬನೇ ಕರೆದು, "ಸುಜಯನ್ನ ನೋಡು, ಅವಂಗ ತಲಿ ಐತಿ. ನೀ ಗಿರಣಿ ಇದ್ದಂಗ, ಹಾಕಿದ್ದು ಬೀಸ್ತಿ" ಎನ್ನುತ್ತಿದ್ದರು. ಸುಜಯನನ್ನು ಒಬ್ಬನೇ ಕರೆದು, "ಚೇತನನ ಕೈ ನೋಡು, ಎಷ್ಟ ಜಲ್ದಿ! ನಿನ್ನ ಕೈ ತಡಾ ಆಗ್ತೈತಿ" ಎನ್ನುತ್ತಿದ್ದರು. ಮೊದಲನೆಯದು ಅರ್ಧ ನಿಜ. ಎರಡನೆಯದು ಶುದ್ಧ ಸುಳ್ಳು. ಸುಜಯನ ಕೈಗಿಂತ ಚುರುಕಾದ ಕೈಯನ್ನು ಮಾಸ್ತರರು ತಮ್ಮ ಜನ್ಮದಲ್ಲಿ ಕಂಡಿರಲಿಲ್ಲ, ಮತ್ತು ಅದಕ್ಕೇ ಅಲ್ಲಿಯೇ ಚುಚ್ಚುತ್ತಿದ್ದರು. ಬಲವಿದ್ದ ಕಡೆ ಕೆಣಕಿದರೆ ಬಲ ಹೆಚ್ಚುತ್ತದೆ ಎಂಬುದು ಅವರ ಲೆಕ್ಕ.

ಮಹಾನವಮಿ ಅಮಾವಾಸ್ಯೆಗೆ ಮೊದಲಿನ ಒಂದು ಬೆಳಿಗ್ಗೆ ಜಿಟಿಜಿಟಿ ಮಳೆ. ಮೈದಾನ ಕೆಸರಾಗಿತ್ತು, ಚೆಂಡು ಸೋಪಿನ ಹಾಗೆ ಜಾರುತ್ತಿತ್ತು. ಚೇತನ ಎರಡು ಚೆಂಡು ಕೈಬಿಟ್ಟು ಅಂಗಿಗೆ ಕೈ ಒರೆಸುತ್ತ ನಿಂತ. ಆಮೇಲೆ ಸುಜಯ ಬಂದ. ಜಾಂಬೋಟಿಯವನಿಗೆ ಮಳೆ ಯಾವ ಲೆಕ್ಕ? ಒಂದು ಚೆಂಡು ಕೆಟ್ಟದಾಗಿ ದೂರಕ್ಕೆ ಹಾರಿತು. ಅವನು ಬಲೆಗೆ ಬೆನ್ನು ಮಾಡಿ ಅದರ ಹಿಂದೆ ಓಡಿದ, ತಿರುಗಿ ನೋಡಲಿಲ್ಲ, ಎರಡು ಕೈಯೆತ್ತಿ ಚೆಂಡನ್ನು ಹಿಂದಕ್ಕೆ ಬಿಟ್ಟ. ಅದು ಉಳವಪ್ಪನ ತಲೆಯ ಮೇಲೆ ಬಂದು, ಹೊಡಿ ಎನ್ನುವಂತೆ ನಿಂತಿತು. ಉಳವಪ್ಪ ಬೆರಗಾಗಿ ಹೊಡೆಯುವುದನ್ನೇ ಮರೆತ. ಅಷ್ಟು ದೊಡ್ಡ ಲಿಫ್ಟಿನಲ್ಲಿ ಬೆರಳಿಗೆ ಚೆಂಡು ತಾಗಿದ ಸಪ್ಪಳವೇ ಇರಲಿಲ್ಲ.

ಮಾಸ್ತರರ ಎದೆ ತುಂಬಿಬಂತು. ನಿಂತಲ್ಲೇ ನಿರ್ಧಾರವಾಯಿತು: ಧಾರವಾಡದ ಅಂತರ ಕಾಲೇಜು ಪಂದ್ಯಕ್ಕೆ ಲಿಫ್ಟರ್ ಸುಜಯ. ಇನ್ನು ತೂಗುವುದೇನೂ ಉಳಿದಿರಲಿಲ್ಲ. ಹುಡುಗ ಮೈಯೆಲ್ಲ ಕೆಸರಾಗಿ, ಮಳೆಯಲ್ಲಿ ಕಣ್ಣು ಪಿಳುಕಿಸುತ್ತ, ಒಂದು ಮಾತಿಗಾಗಿ ಅವರ ಮುಖ ನೋಡಿದ.

"ತಡಾ ಆತು" ಎಂದರು ಮಾಸ್ತರರು.

ಅವರ ಇನ್ನೊಂದು ಕಟ್ಟಳೆಯೂ ಇತ್ತು. ಖಂಡೆ ನವಮಿಯ ದಿನ ನಮ್ಮ ಕಡೆ ಕುಡುಗೋಲಿನಿಂದ ಲಾರಿಯವರೆಗೆ ದುಡಿಯುವ ಸಾಮಾನಿಗೆಲ್ಲ ಪೂಜೆ. ಮಾಸ್ತರರು ಅಂದು ಕಾಲೇಜಿನ ಆಟದ ಕೋಣೆಯಲ್ಲಿ ಬಲೆ, ಸೀಟಿ, ಚೆಂಡಿಗೆ ಕುಂಕುಮವಿಟ್ಟು ಕಾಯಿ ಒಡೆದು, ಆ ವರ್ಷದ ಲಿಫ್ಟರ್‌ನ ಕೈಗೆ ಚೆಂಡು ಕೊಡುತ್ತಿದ್ದರು. ಅಲ್ಲಿಯವರೆಗೆ ಬಾಯಿ ಬಿಡುವ ಮಾತೇ ಇಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಅವರ ವಾದ.

ಸಾವಂತ್ರವ್ವನಿಗೆ ಮಾತ್ರ ಹೇಳಿದರು. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ಆ ಹುಡುಗ್ಗ ಹೇಳೀರೇನು?"

"ಖಂಡೇಕ ಹೇಳ್ತೀನಿ."

"ಈಗ ಹೇಳಿದ್ರ ಏನ್ ಗಂಟ ಹೋಗ್ತೈತ್ರಿ? ಮೊನ್ನಿ ಮನಿಗೆ ಬಂದಾಗ ನೋಡೀನಿ, ಮುಖ ಬಾಡಿ ಹೋಗೇತಿ. ಊಟಕ್ಕ ಕುಂತವ ತನ್ನ ಕೈ ತಾನ ನೋಡ್ಕೋತ ಕುಂತಿದ್ದ."

"ಈಗ ಹೇಳಿದ್ರ ಅವ ಸಡಲ ಬಿಡ್ತಾನ, ಚೇತನ ಆಟಾನ ಬಿಡ್ತಾನ. ನಿನಗ ತಿಳ್ಯೂದಿಲ್ಲ."

"ಬಾಜು ಮನಿಯಾಕಿಗೆ ತಿಳೀತಿತ್ತೇನೋ" ಎಂದು ಅವಳು ಮತ್ತೆ ರೊಟ್ಟಿ ಬಡಿಯತೊಡಗಿದಳು.

ಅಮಾವಾಸ್ಯೆ ಕಳೆದು ದಸರೆ ಶುರುವಾಯಿತು. ಸುಜಯನ ಬೆರಳಿನ ತುದಿಗೊಂದು ಚಿಂದಿ ಕಟ್ಟಿದ್ದು ಮಾಸ್ತರರಿಗೆ ಕಾಣಿಸಿತು. ಏನೆಂದು ಕೇಳಿದರೆ, "ಏನಿಲ್ರಿ ಸರ, ತಗಡ ಗೀರೇತಿ" ಎಂದ. ಎರಡು ದಿನ ಬಿಟ್ಟು ಇನ್ನೊಂದು ಬೆರಳಿನ ಉಗುರು ಕಪ್ಪಾಗಿತ್ತು. ಆದರೆ ಕೈ ಮಾತ್ರ ದಿನದಿನಕ್ಕೂ ಇನ್ನಷ್ಟು ಚುರುಕಾಗುತ್ತಿತ್ತು. ಚೆಂಡು ಬಂತೋ ಹೋಯಿತೋ ತಿಳಿಯುತ್ತಿರಲಿಲ್ಲ. ಮಾಸ್ತರರಿಗೆ ಒಳಗೊಳಗೇ ಹಿಗ್ಗು, ಜೊತೆಗೆ ಹೆಸರಿಡಲಾಗದ ಒಂದು ಅಳುಕು. ಒಂದು ಬೆಳಗಿನ ಜಾವ ಬಹಳ ವರ್ಷಗಳ ಮೇಲೆ ಕಾಳ್ಯಾ ಕನಸಿನಲ್ಲಿ ಬಂದಿತು. ಗೂಟದ ಸುತ್ತ ನೆಲ ಕಿತ್ತುಹೋಗಿತ್ತು. ಎದ್ದು ಮುಖ ತೊಳೆದುಕೊಂಡು, ಹಬ್ಬ ಹತ್ತಿರ ಬಂತು, ಊರಿಗೆ ಹೋಗಿ ಬರಬೇಕು ಎಂದಷ್ಟೇ ಅಂದುಕೊಂಡರು.

ಖಂಡೆಯ ಹಿಂದಿನ ದಿನ ಮಧ್ಯಾಹ್ನ, ಪೂಜೆಗೆ ಹೂವು ತರಲು ಪೇಟೆಗೆ ಹೊರಟವರಿಗೆ ಸಿದ್ದಪ್ಪ ಎದುರಾದ. ಮಷೀನಿಗೆ ಹಾರ ತರಲು ಮಾಲಕ ಅವನನ್ನು ಕಳಿಸಿದ್ದ. ಮಾಸ್ತರರನ್ನು ಕಂಡವನೇ ಸೈಕಲ್ಲಿನಿಂದ ಇಳಿದ.

"ಸರ, ನೀವ ಒಂದ ಮಾತ ಹೇಳ್ರಿ ಅವಂಗ. ನನ್ನ ಮಾತ ಕೇಳವಲ್ಲ. ಇಕ್ಕಳ ಗೂಟಕ್ಕ ಹಾಕಿ ಬರೇ ಕೈಲೇ ಕೆಲಸಾ ಮಾಡಾಕತ್ತಾನ."

"ಯಾಕ? ಹಬ್ಬದ ಕೆಲಸಾ ಭಾಳ ಐತೇನು?"

"ಕೆಲಸಾ ಐತ್ರಿ, ನಾಳೆ ಮಷೀನ ಮುಟ್ಟಂಗಿಲ್ಲಲ್ಲ, ಎಲ್ಲಾ ಇವತ್ತ ಮುಗಿಸಬೇಕು. ಆದ್ರ ಅದಕ್ಕಲ್ರಿ. ಕೇಳಿದ್ರ, ಸರ ನನ್ನ ಕೈ ತಡಾ ಅಂದಾರ ಮಾವಾ, ಇಲ್ಲಿ ಜಲ್ದಿ ಆತಂದ್ರ ಅಲ್ಲೀನೂ ಜಲ್ದಿ ಆಗ್ತೈತಿ ಅಂತಾನ್ರಿ."

ಮಾಸ್ತರರು ಪೇಟೆಯ ದಾರಿ ಬಿಟ್ಟರು. ಹೂವಿನ ಚೀಲ ಹಿಡಿದೇ ರಿಕ್ಷಾ ಮಾಡಿಕೊಂಡು ಆಟೋ ನಗರಕ್ಕೆ ಹೋದರು. ಓಣಿಯುದ್ದಕ್ಕೂ ಅರ್ಧ ವರ್ಕ್‌ಶಾಪುಗಳು ಆಗಲೇ ತೊಳೆದು ಸುಣ್ಣ ಬಳಿದುಕೊಂಡು, ಬಾಗಿಲಿಗೆ ಬಾಳೆಕಂಬ ಕಟ್ಟುತ್ತಿದ್ದವು. ಇನ್ನರ್ಧ ಗುಡುಗುಡು ಓಡುತ್ತಿದ್ದವು. ಸುಜಯನ ವರ್ಕ್‌ಶಾಪಿನ ಬಾಗಿಲಲ್ಲಿ ನಿಂತರು. ಹುಡುಗ ಅವರಿಗೆ ಓರೆಯಾಗಿ ಕುಳಿತಿದ್ದ. ಇಕ್ಕಳ ಗೋಡೆಯ ಗೂಟಕ್ಕೆ ತೂಗುತ್ತಿತ್ತು. ಎಡಗೈ ತುಂಡು ಇಟ್ಟಿತು, ದಿಮ್ಮಿ ಧಡ್ ಎಂದು ಬಿತ್ತು, ಅದು ಪೂರ್ತಿ ಏಳುವ ಮೊದಲೇ ಬಲಗೈ ಒಳಹೊಕ್ಕು ತುಂಡು ಎತ್ತಿಕೊಂಡು ಹೊರಗೆ ಬಂದಿತ್ತು. ಮತ್ತೆ ಇಟ್ಟ, ಧಡ್, ಎತ್ತಿದ. ಆ ಕೈಯನ್ನು ಕಣ್ಣಿನಿಂದ ಹಿಡಿಯಲಾಗುತ್ತಿರಲಿಲ್ಲ.

ಕೂಗಬೇಕೆಂದು ಬಾಯಿ ತೆರೆದರು. ಕೂಗಿದರೆ ಹುಡುಗ ಬೆಚ್ಚಿ ತಿರುಗಿಯಾನು, ಕೈ ಒಳಗಿದ್ದರೆ ಗತಿಯೇನು ಎಂದು ಬಾಯಿ ಮುಚ್ಚಿದರು. ಇದು ಖರೆಯೇ. ಆದರೆ ಹತ್ತಿರ ಹೋಗಿ, ಮಷೀನು ನಿಲ್ಲುವ ತನಕ ಕಾದು, "ನಿನ್ನನ್ನೇ ಆರಿಸೀನೋ, ಏಳೋ ಮ್ಯಾಲೆ" ಎನ್ನಬಹುದಿತ್ತು. ಯಾರು ಬೇಡ ಎಂದಿದ್ದರು? ಅವರ ಕಾಲು ಕಿತ್ತೇಳಲಿಲ್ಲ, ಅಷ್ಟೇ. ಇಡೀ ಹಂಗಾಮು ಬಾಯಿ ಬಿಗಿಹಿಡಿದವರು ಒಂದು ದಿನಕ್ಕಾಗಿ ಹೇಗೆ ಬಿಟ್ಟಾರು? ಅಲ್ಲದೆ ಆ ಕೈ ನೋಡುತ್ತ ನಿಂತಾಗ ಅಳುಕಿಗಿಂತ ಹಿಗ್ಗೇ ದೊಡ್ಡದಾಯಿತು. ಎಂಥ ಕೈ! ಧಾರವಾಡದವರು ಮೂಗಿನ ಮೇಲೆ ಬೆರಳಿಡಬೇಕು.

ಹಾರ ಹಿಡಿದು ಹಿಂದೆಯೇ ಬಂದ ಸಿದ್ದಪ್ಪನಿಗೆ, "ಇಕ್ಕಳ ಹಿಡಿ ಅನ್ನು, ನಾ ಹೇಳೀನಿ ಅಂತ ಹೇಳು. ಉಳಿದದ್ದು ನಾಳೆ ನಾನ ಹೇಳ್ತೀನಿ" ಎಂದು ಹೊರಟುಬಿಟ್ಟರು. ಓಣಿಯ ತಿರುವಿನವರೆಗೂ ಆ ಧಡ್ ಧಡ್ ಬೆನ್ನಿಗೆ ಕೇಳುತ್ತಲೇ ಇತ್ತು.

ದೀಪ ಹಚ್ಚುವ ಹೊತ್ತಿಗೆ ಸಿದ್ದಪ್ಪ ಅವರ ಮನೆಯ ಮುಂದೆ ಬಂದು ನಿಂತ. ಅಂಗಿಯ ಮೇಲೆಲ್ಲ ರಕ್ತ. ತನ್ನ ಬಲಗೈ ಎತ್ತಿ, ನಡುವಿನ ಮೂರು ಬೆರಳು ಮಡಚಿ ತೋರಿಸಿದ.

ಆಸ್ಪತ್ರೆಯಲ್ಲಿ ಸುಜಯ ಎಚ್ಚರವಾಗಿಯೇ ಇದ್ದ. ಬಲಗೈಗೆ ಬಿಳಿಯ ಗಂಟು ಸುತ್ತಿದ್ದರು. ಮಾಸ್ತರರು ಮಂಚದ ಪಕ್ಕ ನಿಂತರು. ಏನಾದರೂ ಹೇಳಬೇಕೆಂದು ಹುಡುಕಿದರು, ಅವರಲ್ಲಿ ಚುಚ್ಚುವ ಮಾತುಗಳ ಹೊರತು ಬೇರೆ ಮಾತಿನ ದಾಸ್ತಾನೇ ಇರಲಿಲ್ಲ.

"ಸರ, ಯಾರ್ನ ಆರಿಸಿದ್ರಿ?" ಎಂದು ಹುಡುಗನೇ ಕೇಳಿದ.

ನಿನ್ನನ್ನು ಎಂದರೆ, ಕೈಗೆ ಬಂದದ್ದು ಹೋಯಿತೆಂದು ಜೀವನವಿಡೀ ಸುಟ್ಟುಕೊಂಡಾನು. ಸಿಗದಿದ್ದದ್ದೇ ಹೋಯಿತೆಂದರೆ ಸಂಕಟ ಅಷ್ಟು ಹಗುರವಾದೀತು. ಮಾಸ್ತರರು ಹೀಗೆ ತೂಗಿ, "ಚೇತನನ್ನ" ಎಂದರು.

ಸುಜಯ ತಲೆಯಾಡಿಸಿದ. "ಹಂಗಾದ್ರ ನೀವು ಹೇಳಿದ್ದ ಖರೇ ಇತ್ತು. ಕೈ ತಡಾನ ಆತು, ಸರ" ಎಂದು ಗೋಡೆಯ ಕಡೆ ಹೊರಳಿದ.

ಮರುದಿನ ಬೆಳಿಗ್ಗೆ ಆಟದ ಕೋಣೆಯಲ್ಲಿ ಪೂಜೆಯಾಯಿತು. ಕಾಯಿ ಒಡೆದವನು ಉಳವಪ್ಪ. ಮಾಸ್ತರರು ಕುಂಕುಮ ಹಚ್ಚಿದ ಚೆಂಡು ಎತ್ತಿ ಚೇತನನ ಮುಂದೆ ಹಿಡಿದರು. ಚೇತನ ಕೈ ಚಾಚಲಿಲ್ಲ.

"ಇದು ಅವಂದ್ರಿ ಸರ. ಆ ಮಳಿ ದಿನಾನ ಆಗಿಹೋಗಿತ್ತು. ನಿಮ್ಮ ಮುಖದಾಗ ಕಾಣತಿತ್ರಿ."

"ನಿನಗ ಗೊತ್ತಿತ್ತೇನು?"

"ಎಲ್ಲಾರಿಗೂ ಗೊತ್ತಿತ್ರಿ. ಅವಂಗ ನಾನೂ ಹೇಳಿದ್ದೆ, ನಂಬಲಿಲ್ಲ. ನನ್ನದಲ್ಲ, ನಿನ್ನ ಕೈ ಜಲ್ದಿ ಅಂತ ಸರ ಅಂದಾರ ಅಂದ. ಎದುರಾಳಿ ನಾನು, ನನ್ನ ಮಾತ ಯಾಕ ನಂಬ್ಯಾನ್ರಿ?"

ಮಾಸ್ತರರಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಚೆಂಡನ್ನು ಎದೆಗೆ ಹಿಡಿದುಕೊಂಡು ಹೊರಬಿದ್ದರು. ಬೀದಿಯಲ್ಲಿ ಬಸ್ಸುಗಳಿಗೆ, ಸೈಕಲ್ಲುಗಳಿಗೆ ಚೆಂಡುಹೂವಿನ ಹಾರ. ದಾರಿಯ ನಡುವೆ ಕುಂಕುಮ ತುಂಬಿದ ಕುಂಬಳಕಾಯಿ ಒಡೆದು ಚೆಲ್ಲಿದ್ದರು. ಅವರು ಅದನ್ನು ನೋಡದಂತೆ ದಾಟಿದರು. ಆ ಪ್ರೆಸ್ ಮಷೀನಿಗೂ ಇಷ್ಟು ಹೊತ್ತಿಗೆ ಹಾರ ಬಿದ್ದಿರುತ್ತದೆ ಎಂಬ ಯೋಚನೆ ಬಂದು ಹೆಜ್ಜೆ ಬಿರುಸಾಯಿತು. ಒಂದೇ ಮಾತನ್ನು ಬಾಯಲ್ಲಿ ಹಿಡಿದು ನಡೆದರು: ನಿನ್ನನ್ನೇ ಆರಿಸಿದ್ದೆ, ನಿನ್ನಂಥ ಕೈ ನಾನು ಕಂಡಿಲ್ಲ. ಇದೊಂದು ಮಾತು ಅವನಿಗೆ ಮುಟ್ಟಿದರೆ ಸಾಕು, ಆಮೇಲೆ ಬೈಯಲಿ, ಉಗುಳಲಿ.

ಜಾಂಬೋಟಿಯಿಂದ ಮೊದಲ ಬಸ್ಸಿಗೆ ಬಂದ ತಾಯಿ ಫಕೀರವ್ವ ಮಂಚದ ಕಾಲಿಗೆ ಒರಗಿ ನೆಲದ ಮೇಲೆ ಕುಳಿತಿದ್ದಳು. ಮಾಸ್ತರರನ್ನು ಕಂಡು ಎದ್ದು ಸೆರಗು ಹೊದ್ದುಕೊಂಡಳು. "ಹಬ್ಬಾ ಬಿಟ್ಟು ಬಂದ್ರೇನ್ರಿ? ನನ್ನ ಮಗ ಯಾವಾಗ್ಲೂ ನಿಮ್ಮ ಮಾತ ಹೇಳ್ತಿರ್ತಾನ್ರಿ" ಎಂದಳು.

ಮಾಸ್ತರರು ಚೆಂಡನ್ನು ಹಾಸಿಗೆಯ ಮೇಲೆ, ಸುಜಯನ ಎಡಗೈಯ ಹತ್ತಿರ ಇಟ್ಟರು.

"ಸುಜಯಾ, ನಿನ್ನೆ ನಾ ಸುಳ್ಳ ಹೇಳಿದೆ. ನಿನ್ನನ್ನ ಆರಿಸಿದ್ದೆ. ಆ ಮಳಿ ದಿನಾನ ಆರಿಸಿದ್ದೆ. ನಿನ್ನ ಕೈ ಎಂದೂ ತಡಾ ಇರಲಿಲ್ಲೋ, ನಿನ್ನಂಥಾ ಕೈ ನಾ ಎಲ್ಲೂ ನೋಡಿಲ್ಲ."

ಸುಜಯ ಅವರ ಕಣ್ಣಲ್ಲಿ ನೀರು ಬಂದದ್ದನ್ನು ನೋಡಿದ. ದೊಡ್ಡವರು ಚಿಕ್ಕವರನ್ನು ಸಮಾಧಾನ ಮಾಡುವಂತೆ ಮೆಲ್ಲಗೆ ನಕ್ಕ.

"ಬಿಡ್ರಿ ಸರ. ನಿಮ್ಮದು ಯಾವಾಗ್ಲೂ ಹಿಂಗ. ಯಾರಿಗೆ ಏನ್ ಹೇಳಿದ್ರ ಛಲೋ ಅಂತ ನೋಡಿ ಹೇಳ್ತೀರಿ" ಎಂದ. ಆಮೇಲೆ ಎಡಗೈಯಿಂದ ಚೆಂಡನ್ನು ಅವರ ಕಡೆ ಸರಿಸಿದ. "ಚೇತನಗ ಕೊಡ್ರಿ. ಪಂದ್ಯಾ ಹತ್ತರ ಐತಿ."

ಮಾಸ್ತರರು ಇನ್ನೊಮ್ಮೆ, ಮತ್ತೊಮ್ಮೆ, ದೇವರಾಣೆ ಮಾಡಿ ಹೇಳಿದರು. ಹುಡುಗ ಎಲ್ಲದಕ್ಕೂ ಹೂಂ ಹೂಂ ಎಂದು ತಲೆಯಾಡಿಸುತ್ತ ಹೋದ. ಅವನು ನಂಬಲಿಲ್ಲವೆಂಬುದು ಫಕೀರವ್ವನಿಗೂ ತಿಳಿಯಿತು. ಅವಳು ಚೆಂಡನ್ನು ಎತ್ತಿ, ಅದರ ಕುಂಕುಮ ಹಾಸಿಗೆಗೆ ಹತ್ತದಂತೆ ಸೆರಗಿನಿಂದ ಒರೆಸಿ, ಮಾಸ್ತರರ ಕೈಗೆ ಕೊಟ್ಟಳು.